ಬಸದಿ, ಬೀಡು, ಸೌಧ: ಕಟ್ಟಡಗಳ ಹೆಸರಿನಲ್ಲಿ ರೂಢನಾಮ ಮತ್ತು ಅಂಕಿತನಾಮ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಇಂಗ್ಲಿಷಿನಲ್ಲಿ ಒಂದು ಪದ ಅಂಕಿತನಾಮವೋ ರೂಢನಾಮವೋ ಎಂಬುದನ್ನು ಅದರ ಮೊದಲ ಅಕ್ಷರವೇ ಸೂಚಿಸುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ವಿಭಕ್ತಿ ಮಾಡಬೇಕು, ವಾಕ್ಯದ ಸಂದರ್ಭ ಮಾಡಬೇಕು, ಇಲ್ಲವೇ ಆ ಊರಿನ ಬಳಕೆ ಮಾಡಬೇಕು. ವ್ಯಕ್ತಿಗಳ ಹೆಸರಿನ ಮಟ್ಟಿಗೆ ಇದರಿಂದ ಹೆಚ್ಚಿನ ತೊಡಕಾಗದು. ಆದರೆ ಸಾರ್ವಜನಿಕ ಕಟ್ಟಡಗಳ ಹೆಸರಿಗೆ ಬಂದಾಗ ಸಮಸ್ಯೆ ಸಣ್ಣದಲ್ಲ. ‘ಹೊಸ ಬಸದಿಯಲ್ಲಿ ಬರೆದು ಮುಗಿಸಿದುದು’ ಎಂಬರ್ಥದ ಮಾತು ಒಂದು ಓಲೆಗರಿಯ ಕೊನೆಯಲ್ಲಿ ಕಂಡಿತೆನ್ನೋಣ. ಅದು ಆಗತಾನೆ ಕಟ್ಟಿದ ಯಾವುದೋ ಒಂದು ಬಸದಿಯೋ, ‘ಹೊಸ ಬಸದಿ’ ಎಂಬ ಹೆಸರನ್ನೇ ಹೊತ್ತ ಒಂದು ನಿರ್ದಿಷ್ಟ ಬಸದಿಯೋ? ಲಿಪಿ ಇದಕ್ಕೆ ಉತ್ತರ ಕೊಡುವುದಿಲ್ಲ. ಆದರೆ ಪ್ರತಿಯ ಕಾಲವೂ ಸ್ಥಳವೂ ನಿರ್ಧಾರವಾಗುವುದು ಆ ಉತ್ತರದ ಮೇಲೆಯೇ.

ಈ ವಿಷಯದ ಕಡೆಗೆ ನನ್ನ ಲಕ್ಷ್ಯ ಹರಿಯಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಸಂಶೋಧನಾರ್ಥಿಯೊಬ್ಬರ ಪ್ರಬಂಧದ ಕರಡನ್ನು ಓದುವ ಸಂದರ್ಭ ಬಂದಿತ್ತು. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಕರಡಿನ ಪಟ್ಟಿಯಲ್ಲಿ ಇಪ್ಪತ್ತೊಂದು ಇದ್ದವು. ‘ತ್ರಿಭುವನ ತಿಲಕ ಚೂಡಾಮಣಿ ಬಸದಿ’, ‘ಸಾವಿರ ಕಂಬದ ಬಸದಿ’, ‘ಹೊಸ ಬಸದಿ’ ಎಂಬ ಮೂರು ಹೆಸರುಗಳು ಮೂರು ಕಟ್ಟಡಗಳಾಗಿದ್ದವು. ‘ಗುರು ಬಸದಿ’ ಮತ್ತು ‘ಸಿದ್ಧಾಂತ ಬಸದಿ’ ಎರಡಾಗಿದ್ದವು. ಆ ವಿದ್ಯಾರ್ಥಿ ಶ್ರದ್ಧಾವಂತರೇ; ಆಕರಗಳನ್ನು ಪ್ರಾಮಾಣಿಕವಾಗಿ ನೋಡಿ ಬರೆದಿದ್ದರು. ಒಂದು ಆಕರ ಒಂದು ಹೆಸರನ್ನು ಬಳಸಿತ್ತು, ಇನ್ನೊಂದು ಆಕರ ಇನ್ನೊಂದನ್ನು. ಇಂತಹ ತೊಡಕು ಮತ್ತೆ ಮತ್ತೆ ಬರುವುದಾದರೆ ಅದನ್ನು ಒಬ್ಬ ವ್ಯಕ್ತಿಯ ಅಲಕ್ಷ್ಯವೆಂದು ಬಿಟ್ಟುಬಿಡುವಂತಿಲ್ಲ. ಕಟ್ಟಡಗಳ ಹೆಸರಿಗೂ ಒಂದು ವ್ಯಾಕರಣವಿದೆ. ಅದನ್ನು ನಾವು ಬಿಡಿಸಿ ನೋಡಿಲ್ಲ.

ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ಮೂರಾಗಿ ವಿಂಗಡಿಸುವುದು ಶಾಲೆಯಲ್ಲಿಯೇ ನಾವೆಲ್ಲರೂ ಕಲಿತ ಪಾಠ. ನದಿ, ಪರ್ವತ, ಮನೆ ಮುಂತಾದವು ರೂಢನಾಮಗಳು. ಅರ್ಥಕ್ಕೆ ಅನುಗುಣವಾಗಿ ಬಂದವು ಅನ್ವರ್ಥನಾಮಗಳು. ಗುರುತಿಗಾಗಿ ಇಟ್ಟುಕೊಂಡವು ಅಂಕಿತನಾಮಗಳು. ಕನ್ನಡ ವ್ಯಾಕರಣ ಪರಂಪರೆಯನ್ನು ಕಟ್ಟಿದವರಲ್ಲಿ ಪ್ರಮುಖರು ಜೈನರೇ ಆಗಿರುವುದು ಈ ಅಂಕಣದ ಓದುಗರಿಗೆ ಹೊಸ ವಿಷಯವಲ್ಲ. ಎರಡನೆಯ ನಾಗವರ್ಮ, ‘ಶಬ್ದಮಣಿದರ್ಪಣ’ದ ಕೇಶಿರಾಜ, ‘ಕರ್ಣಾಟಕ ಶಬ್ದಾನುಶಾಸನ’ದ ಭಟ್ಟಾಕಳಂಕ ಇವರೆಲ್ಲ ಆ ಸಾಲಿನವರು. ಭಟ್ಟಾಕಳಂಕನು ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿ ಮುಗಿಸಿದ್ದು ಕ್ರಿ.ಶ. 1604ರಲ್ಲಿ. ಅದೇ ವರ್ಷ, ಇಂದಿನ ಬೆಳ್ತಂಗಡಿ ತಾಲೂಕಿಗೆ ಸೇರಿದ ವೇಣೂರಿನಲ್ಲಿ ಅಜಿಲ ಅರಸ ತಿಮ್ಮಣ್ಣನು ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಕರಾವಳಿಯ ಈ ನೆಲದಲ್ಲಿ ಶಬ್ದದ ಕೆಲಸ, ಕಲ್ಲಿನ ಕೆಲಸ ಒಟ್ಟೊಟ್ಟಿಗೆ ನಡೆದಿವೆ. ಆದುದರಿಂದ ಕಟ್ಟಡಗಳ ಹೆಸರನ್ನು ವ್ಯಾಕರಣದ ಕಣ್ಣಿನಿಂದ ನೋಡಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗಿಂತ ಉಚಿತವಾದ ಪ್ರದೇಶ ಬೇರೆ ಸಿಗಲಾರದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆ. ಕಟ್ಟಡಗಳ ವಿಷಯದಲ್ಲಿ ರೂಢ, ಅನ್ವರ್ಥ, ಅಂಕಿತ ಎಂಬುವು ಮೂರು ಬೇರೆ ಬೇರೆ ವರ್ಗಗಳಲ್ಲ; ಒಂದೇ ಹೆಸರಿನ ಬಾಳಿನ ಮೂರು ಅವಸ್ಥೆಗಳು. ಕಟ್ಟಿಸಿದವರು ಇಟ್ಟ ಗಂಭೀರವಾದ ಅಂಕಿತನಾಮ ಎಷ್ಟೋ ಸಲ ಗುರುತಿನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಜನ ಆಡಿಕೊಂಡ ಸಾಮಾನ್ಯ ವರ್ಣನೆಯೇ ಅಂಕಿತನಾಮವಾಗಿ ಗಟ್ಟಿಗೊಳ್ಳುತ್ತದೆ. ಈ ಚಲನೆಯನ್ನು ತಿಳಿಯದೆ ಹೆಸರನ್ನು ‘ತಿದ್ದಿದರೆ’ ಇತಿಹಾಸದ ಒಂದು ಆಕರವೇ ಅಳಿಸಿಹೋಗುತ್ತದೆ.

‘ಬಸದಿ’ ಎಂಬ ಪದದಿಂದಲೇ ತೊಡಗೋಣ. ಇದು ಸಂಸ್ಕೃತ ‘ವಸತಿ’ಯ ತದ್ಭವ. ಕೇಶಿರಾಜನು ಅಪಭ್ರಂಶ ಪ್ರಕರಣ ಎಂಬ ಒಂದು ಅಧ್ಯಾಯವನ್ನೇ ಇಂತಹ ರೂಪಾಂತರಗಳಿಗೆ ಮೀಸಲಿಟ್ಟಿದ್ದಾನೆ. ವಾಸಿಸುವ ಎಡೆ ಎಂಬ ಸಾಮಾನ್ಯಾರ್ಥದ ಪದ ಕನ್ನಡದಲ್ಲಿ ಜಿನಾಲಯ ಎಂಬ ವಿಶೇಷಾರ್ಥಕ್ಕೆ ನಿಂತಿತು. ಮುಂದೆ ತತ್ಸಮ ರೂಪವೇ ಬೇರೊಂದು ದಾರಿಯಿಂದ ಹಿಂದಿರುಗಿ ‘ವಸತಿಗೃಹ’, ‘ವಸತಿ ನಿಲಯ’ಗಳಲ್ಲಿ ತಂಗುವ ಎಡೆಯಾಯಿತು. ಇಂದು ಮೂಡುಬಿದಿರೆಯಲ್ಲಾಗಲಿ ಧರ್ಮಸ್ಥಳದಲ್ಲಾಗಲಿ ‘ಬಸದಿ’ ಎಂಬ ಫಲಕವನ್ನೂ ‘ವಸತಿಗೃಹ’ ಎಂಬ ಫಲಕವನ್ನೂ ಓದುವ ಯಾತ್ರಿಕನು, ಒಂದೇ ಪದವನ್ನು ಎರಡು ಸಲ ಓದುತ್ತಿರುತ್ತಾನೆ. ತುಳು ಮಾತಿನಲ್ಲಿ ಇದು ಇನ್ನಷ್ಟು ಮೊಟಕಾಗಿ ‘ಬಸ್ತಿ’ಯಾಗಿದೆ.

ನನ್ನ ಅಜ್ಜಿ ಬೆಳಗ್ಗೆ ಹೊರಡುವಾಗ ‘ಬಸ್ತಿಗ್ ಪೋದು ಬರ್ಪೆ’ ಎನ್ನುತ್ತಿದ್ದರು. ಯಾವ ಬಸ್ತಿ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವರ ಬಾಯಲ್ಲಿ ‘ಬಸ್ತಿ’ ರೂಪದಲ್ಲಿ ರೂಢನಾಮ, ಅರ್ಥದಲ್ಲಿ ಅಂಕಿತನಾಮ. ಕನ್ನಡಕ್ಕಾಗಲಿ ತುಳುವಿಗಾಗಲಿ ಇಂಗ್ಲಿಷಿನಂತೆ ನಿರ್ದಿಷ್ಟತೆಯನ್ನು ಸೂಚಿಸುವ ಉಪಪದವಿಲ್ಲ. ಊರಿಗೆ ಒಂದೇ ಇರುವಾಗ ಬರಿಯ ರೂಢನಾಮವೇ ಸಾಕು. ಧರ್ಮಸ್ಥಳದಲ್ಲಿ ‘ಬೀಡಿಗೆ ಹೋಗಿದ್ದೆ’ ಎಂದರೆ ಹೆಗ್ಗಡೆಯವರ ಬೀಡಿಗೇ. ಅಳದಂಗಡಿಯಲ್ಲಿ ‘ಅರಮನೆ’ ಎಂದರೆ ಅಜಿಲರ ಅರಮನೆಯೇ. ಮೂಡುಬಿದಿರೆಯಲ್ಲಿ ಅದೇ ಪದ ಚೌಟರ ಅರಮನೆಯನ್ನು ಸೂಚಿಸುತ್ತದೆ. ಪದ ಒಂದೇ ಆದರೂ ಆಡುವ ಊರು ಬದಲಾದಂತೆ ಅಂಕಿತ ಬದಲಾಗುತ್ತದೆ. ಪತ್ರ, ಕಡತ, ಓಲೆಗರಿಗಳಲ್ಲಿ ‘ಅರಮನೆಯಿಂದ ಬಂದ’ ಎಂದು ಕಂಡಾಗ ಬರೆದವನು ಯಾವ ಊರಿನವನೆಂದು ತಿಳಿಯದೆ ಅರ್ಥ ಮಾಡಬಾರದು ಎಂಬುದು ಇದರಿಂದ ಹೊರಡುವ ಮೊದಲ ಪಾಠ.

ಊರಿನಲ್ಲಿ ಒಂದಕ್ಕಿಂತ ಹೆಚ್ಚು ಬಸದಿಗಳಿದ್ದಾಗ ರೂಢನಾಮಕ್ಕೆ ವಿಶೇಷಣ ಬೇಕಾಗುತ್ತದೆ. ಮೂಡುಬಿದಿರೆಯ ಹದಿನೆಂಟು ಬಸದಿಗಳ ಹೆಸರುಗಳನ್ನು ಒಂದೆಡೆ ಇಟ್ಟು ನೋಡಿದರೆ ಅದೊಂದು ನಾಮಪ್ರಕರಣದಂತೆಯೇ ಕಾಣುತ್ತದೆ. ದಿಕ್ಕಿನಿಂದ ಬಂದವು: ಬಡಗ ಬಸದಿ, ಪಡು ಬಸದಿ. ದ್ರವ್ಯದಿಂದ ಬಂದವು: ಕಲ್ಲು ಬಸದಿ, ಲೆಪ್ಪದ ಬಸದಿ. ನೆರೆಯಿಂದ ಬಂದವು: ಕೆರೆ ಬಸದಿ, ಮಠದ ಬಸದಿ, ಪಾಠಶಾಲೆ ಬಸದಿ. ಹಿರಿತನ ಕಿರಿತನದಿಂದ ಬಂದವು: ಹಿರೇ ಬಸದಿ, ಹೊಸ ಬಸದಿ. ಕಟ್ಟಿಸಿದವರ ನೆನಪಿನಿಂದ ಬಂದವು: ವಿಕ್ರಮ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ, ಮಾದಯ್ಯ ಶೆಟ್ಟಿ ಬಸದಿ. ಇವುಗಳ ಜೊತೆಗೆ ಇನ್ನೊಂದಿದೆ, ‘ಶೆಟ್ಟರ ಬಸದಿ’.

ಈ ಕೊನೆಯ ಹೆಸರನ್ನು ತುಸು ನಿಧಾನವಾಗಿ ನೋಡಬೇಕು. ಒಂದು ಊರಿನಲ್ಲಿ ನಾಲ್ವರು ಶೆಟ್ಟಿಗಳ ಹೆಸರಿನ ಬಸದಿಗಳಿರುವಾಗ, ಅವುಗಳಲ್ಲಿ ಯಾವುದನ್ನೂ ‘ಶೆಟ್ಟರ ಬಸದಿ’ ಎಂದು ಕರೆಯುವಂತಿಲ್ಲ. ಅರ್ಥದ ದೃಷ್ಟಿಯಿಂದ ನಾಲ್ಕೂ ಶೆಟ್ಟರ ಬಸದಿಗಳೇ. ಬಳಕೆಯ ದೃಷ್ಟಿಯಿಂದ ಐದನೆಯದು ಮಾತ್ರ ‘ಶೆಟ್ಟರ ಬಸದಿ’. ವ್ಯಾಕರಣವೂ ಈ ಭೇದವನ್ನು ಕಾಪಾಡಿದೆ. ವ್ಯಕ್ತಿಯ ಹೆಸರು ಬಂದೆಡೆ ಷಷ್ಠಿಯ ಪ್ರತ್ಯಯವಿಲ್ಲ. ‘ವಿಕ್ರಮ ಶೆಟ್ಟಿ ಬಸದಿ’, ‘ವಿಕ್ರಮ ಶೆಟ್ಟಿಯ ಬಸದಿ’ ಅಲ್ಲ. ರೂಢನಾಮ ಬಂದೆಡೆ ಗೌರವ ಬಹುವಚನದೊಡನೆ ಷಷ್ಠಿ ಇದೆ. ಮುದ್ರಣದ ಮೆರುಗಿಗಾಗಿ ‘ವಿಕ್ರಮ ಶೆಟ್ಟರ ಬಸದಿ’ ಎಂದು ತಿದ್ದಿದರೆ ಗೌರವ ತೋರಿಸಿದಂತಾಗುತ್ತದೆ, ನಿಜ. ಆದರೆ ಎರಡು ಹೆಸರುಗಳ ನಡುವೆ ಇದ್ದ ಬೇಲಿ ಮುರಿದುಹೋಗುತ್ತದೆ. ಆಮೇಲೆ ಸಂಕ್ಷೇಪಿಸಿ ಬರೆಯುವ ಇನ್ನೊಬ್ಬರು ‘ಶೆಟ್ಟರ ಬಸದಿ’ ಎಂದಷ್ಟೇ ಬರೆದಾಗ ಕಟ್ಟಡವೇ ಬದಲಾಗಿಬಿಡುತ್ತದೆ.

‘ಕಲ್ಲು ಬಸದಿ’ ಎಂಬ ಹೆಸರೂ ಹೀಗೆಯೇ. ಮೂಡುಬಿದಿರೆಯ ಬಸದಿಗಳಲ್ಲಿ ಕಲ್ಲು ಬಳಸಿದ್ದು ಒಂದೇ ಅಲ್ಲವಷ್ಟೆ. ವೇಣೂರಿನಲ್ಲಿಯೂ ಒಂದು ‘ಕಲ್ಲು ಬಸದಿ’ ಇದೆ. ‘ಕೆರೆ ಬಸದಿ’ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ವರಂಗದ, ಕೆರೆಯ ನಡುವಿನ ಬಸದಿ, ಮೂಡುಬಿದಿರೆಯವರಿಗೆ ತಮ್ಮೂರಿನದು. ಇಂತಹ ಹೆಸರುಗಳು ತಮ್ಮ ಊರಿನ ಎಲ್ಲೆಯೊಳಗೆ ಮಾತ್ರ ಅಂಕಿತನಾಮಗಳು. ಎಲ್ಲೆ ದಾಟಿದೊಡನೆ ಮತ್ತೆ ರೂಢನಾಮಗಳಾಗುತ್ತವೆ. ಆದುದರಿಂದ ಊರಿನ ಹೆಸರಿಲ್ಲದೆ ಇವುಗಳನ್ನು ಉಲ್ಲೇಖಿಸುವುದು, ಮನೆತನ ತಿಳಿಸದೆ ಬರಿಯ ‘ಅಣ್ಣ’ ಎಂದು ದಾಖಲೆಯಲ್ಲಿ ಬರೆದಂತೆ.

ಇನ್ನು ಎಲ್ಲಕ್ಕಿಂತ ಪ್ರಸಿದ್ಧವಾದ ಹೆಸರಿಗೆ ಬರೋಣ. ಕ್ರಿ.ಶ. 1430ರ ಸುಮಾರಿಗೆ, ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ ಕಟ್ಟಿದ ಚಂದ್ರನಾಥ ಬಸದಿಗೆ ‘ತ್ರಿಭುವನ ತಿಲಕ ಚೂಡಾಮಣಿ’ ಎಂದು ಹೆಸರು. ಮೂರು ಲೋಕಕ್ಕೆ ತಿಲಕವೂ ಚೂಡಾಮಣಿಯೂ ಆದುದು ಎಂಬ ಈ ನಾಮ ನಿಸ್ಸಂದೇಹವಾಗಿ ಅಂಕಿತನಾಮ, ಶಾಸ್ತ್ರೋಕ್ತವಾಗಿ ಇಟ್ಟದ್ದು. ಆದರೆ ಹದಿನೈದಿಪ್ಪತ್ತು ಕಿಲೋಮೀಟರು ದೂರದ ಕಾರ್ಕಳದಲ್ಲಿ ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಬಸದಿಗೂ ‘ತ್ರಿಭುವನ ತಿಲಕ ಜಿನಚೈತ್ಯಾಲಯ’ ಎಂಬ ಹೆಸರಿದೆ. ಎರಡೂ ಹೆಸರುಗಳ ಮೊದಲ ಭಾಗ ಒಂದೇ. ಬಿರುದಿನ ಸ್ವಭಾವವೇ ಹಾಗೆ. ಅದು ಹೊಗಳುತ್ತದೆ, ಗುರುತಿಸುವುದಿಲ್ಲ. ಜನ ಮಾತ್ರ ಒಂದನ್ನು ‘ಸಾವಿರ ಕಂಬದ ಬಸದಿ’ ಎಂದೂ ಇನ್ನೊಂದನ್ನು ‘ಚತುರ್ಮುಖ ಬಸದಿ’ ಎಂದೂ ಕರೆದರು. ಒಂದರಲ್ಲಿ ಕಂಬಗಳ ಸಮೃದ್ಧಿ, ಮತ್ತೊಂದರಲ್ಲಿ ನಾಲ್ಕು ದಿಕ್ಕಿನ ಬಾಗಿಲು. ಕಣ್ಣಿಗೆ ಕಂಡ ಲಕ್ಷಣವನ್ನು ಹೇಳಿದ ಈ ಅನ್ವರ್ಥನಾಮಗಳೇ ಕಟ್ಟಡಗಳನ್ನು ಬೇರೆಬೇರೆಯಾಗಿ ಉಳಿಸಿವೆ. ಒಮ್ಮೆ ನನ್ನೊಡನೆ ಬಂದ ಉತ್ತರ ಭಾರತದ ವಿದ್ವಾಂಸರೊಬ್ಬರು ಮೂಡುಬಿದಿರೆ ಬಸ್ ನಿಲ್ದಾಣದಲ್ಲಿ ರಿಕ್ಷಾದವರಿಗೆ ಶಿಲಾಶಾಸನದ ಹೆಸರನ್ನು ಪೂರ್ತಿಯಾಗಿ ಹೇಳಿದರು. ಅವರು ಒಂದು ಕ್ಷಣ ಯೋಚಿಸಿ, ‘ಸಾವಿರ ಕಂಬಕ್ಕಾ ಸರ್?’ ಎಂದು ಕೇಳಿದರು. ಅವರ ಬಾಯಲ್ಲಿ ‘ಬಸದಿ’ ಎಂಬ ಪದವೂ ಉದುರಿ, ವಿಶೇಷಣವೊಂದೇ ನಾಮಪದವಾಗಿ ಚತುರ್ಥಿ ವಿಭಕ್ತಿಯನ್ನು ಹೊತ್ತಿತ್ತು. ಅಂಕಿತನಾಮವಾಗಿ ನೆಲೆನಿಂತುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಹೆಸರಿನ ಒಳರಚನೆಯೂ ಗಮನಾರ್ಹ. ‘ಸಾವಿರ ಕಂಬದ’ ಎಂದಿದೆ, ‘ಸಾವಿರ ಕಂಬಗಳ’ ಎಂದಿಲ್ಲ. ಸಂಖ್ಯಾವಾಚಕದ ಮುಂದೆ ನಪುಂಸಕ ನಾಮಪದ ಏಕವಚನದಲ್ಲಿಯೇ ನಿಲ್ಲುವುದು ಕನ್ನಡದ ಹಳೆಯ ಜಾಯಮಾನ. ‘ಹತ್ತು ಮನೆ’, ‘ನೂರು ವರ್ಷ’ ಎನ್ನುವುದು ಆಡುಮಾತಿನಲ್ಲಿ ಇಂದಿಗೂ ಸಹಜ. ಇಂಗ್ಲಿಷ್ ವ್ಯಾಕರಣದ ನೆರಳಿನಲ್ಲಿ ಬೆಳೆದ ನಮ್ಮ ಬರಹಗನ್ನಡಕ್ಕೆ ಅದು ಕೊರತೆಯೆನಿಸಿ, ‘ಸಾವಿರ ಕಂಬಗಳ ಬಸದಿ’ ಎಂದು ಬರೆಯುವುದನ್ನು ಪ್ರವಾಸ ಲೇಖನಗಳಲ್ಲಿ ಕಾಣುತ್ತೇವೆ. ಹಾಗೆ ಬರೆದೊಡನೆ ಅದು ಮತ್ತೆ ಬರಿಯ ವರ್ಣನೆಯಾಗುತ್ತದೆ. ಓದುಗನು ಕಂಬಗಳನ್ನು ಎಣಿಸಲು ಹೊರಡುತ್ತಾನೆ. ‘ಸಾವಿರ ಕಂಬದ’ ಎಂಬ ರೂಪದಲ್ಲಿ ‘ಸಾವಿರ’ವು ಲೆಕ್ಕವಲ್ಲ, ಬಹುತ್ವದ ಸೂಚನೆ ಮಾತ್ರ. ‘ಒಂದು’ ಎಂಬ ಪದವನ್ನು ಮುಂದಿಟ್ಟು ನೋಡಿದರೂ ಇದು ತಿಳಿಯುತ್ತದೆ. ‘ಒಂದು ಬಸದಿ’ ಎನ್ನಬಹುದು. ‘ಒಂದು ಸಾವಿರ ಕಂಬದ ಬಸದಿ’ ಎಂದರೆ ‘ಒಂದು’ ಬಸದಿಗೆ ಅಂಟದೆ ಸಾವಿರಕ್ಕೆ ಅಂಟಿಕೊಳ್ಳುತ್ತದೆ. ಅಂಕಿತನಾಮಕ್ಕೆ ‘ಒಂದು’ ಎಂಬ ಅನಿರ್ದಿಷ್ಟತೆ ಒಗ್ಗುವುದಿಲ್ಲ.

ಈ ಬಸದಿಯ ಮೂರನೆಯ ಹೆಸರು ‘ಹೊಸ ಬಸದಿ’. ಸುಮಾರು ಆರುನೂರು ವರ್ಷಗಳ ಪ್ರಾಯದ ಕಟ್ಟಡಕ್ಕೆ ಈ ಹೆಸರು ವಿಚಿತ್ರವೆನಿಸೀತು. ಆದರೆ ಹೆಸರಿನೊಳಗೆ ಕಾಲಕ್ರಮವಿದೆ. ಗುರು ಬಸದಿ ಮೊದಲೇ ಇತ್ತು. ಆ ಬಳಿಕ ಬಂದುದು ಹೊಸದು. ಗುರು ಬಸದಿಗೆ ‘ಸಿದ್ಧಾಂತ ಬಸದಿ’ ಎಂಬ ಇನ್ನೊಂದು ಹೆಸರು ಸಂದದ್ದು ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು ಅಲ್ಲಿ ರಕ್ಷಿತವಾಗಿದ್ದುದರಿಂದ. ಹೀಗೆ ಒಂದು ಕಟ್ಟಡದ ಹಲವು ಹೆಸರುಗಳಲ್ಲಿ ಒಂದು ಮೂಲನಾಯಕನನ್ನು ಹೇಳುತ್ತದೆ, ಒಂದು ಕಟ್ಟಿದ ಕ್ರಮವನ್ನು ಹೇಳುತ್ತದೆ, ಇನ್ನೊಂದು ಒಳಗಿದ್ದ ಸಂಪತ್ತನ್ನು ಹೇಳುತ್ತದೆ. ಒಂದನ್ನು ಉಳಿಸಿ ಉಳಿದವನ್ನು ಕೈಬಿಟ್ಟರೆ ಹೋಗುವುದು ಪರ್ಯಾಯ ಪದವಲ್ಲ, ಒಂದು ಮಾಹಿತಿ.

ವೇಣೂರಿನ ಬಾಹುಬಲಿಯ ಇಕ್ಕೆಲದ ಬಸದಿಗಳ ಹೆಸರು ‘ಅಕ್ಕಂಗಳ ಬಸದಿ’ ಮತ್ತು ‘ಬಿನ್ನಾಣಿ ಬಸದಿ’. ಇವು ಅಜಿಲರ ರಾಣಿವಾಸದ ನೆನಪನ್ನು ಹೊತ್ತಿವೆ. ‘ಅಕ್ಕ’ ಎಂಬ ಬಂಧುವಾಚಕ ಇಲ್ಲಿ ಕಟ್ಟಡದ ಅಂಕಿತವಾಗಿದೆ. ಇಂದಿನ ಕನ್ನಡದಲ್ಲಿ ನಾವು ‘ಅಕ್ಕಂದಿರ’ ಎನ್ನುತ್ತೇವೆ. ‘ಅಕ್ಕಂಗಳ’ ಎಂಬ ಅನುಸ್ವಾರ ಸಹಿತವಾದ ರೂಪ ಮಾತಿನಿಂದ ಮರೆಯಾಗಿ ಹೋಗಿದೆ. ಗೌರವಕ್ಕೂ ಬಹುತ್ವಕ್ಕೂ ಒಂದೇ ಪ್ರತ್ಯಯ ಸಲ್ಲುತ್ತಿದ್ದ ಹಳೆಯ ಪದ್ಧತಿ ಈ ಹೆಸರಿನಲ್ಲಿ ಜೀವಂತವಾಗಿದೆ. ಪಾಠ ಹೇಳುವಾಗ ನಾನು ಬಹುವಚನ ಪ್ರತ್ಯಯಗಳಿಗೆ ಉದಾಹರಣೆಯನ್ನು ಹಳೆಯ ಕಾವ್ಯಗಳಿಂದ ಕೊಡುವುದಕ್ಕಿಂತ ಮೊದಲು ಈ ಫಲಕವನ್ನು ನೆನಪಿಸುತ್ತೇನೆ. ಯಾರೋ ಒಳ್ಳೆಯ ಮನಸ್ಸಿನಿಂದ ಇದನ್ನು ‘ಅಕ್ಕಂದಿರ ಬಸದಿ’ ಎಂದು ತಿದ್ದಿ ಬರೆಸಿದರೆ, ಅರ್ಥ ಸ್ಪಷ್ಟವಾದೀತು. ಹಳಗನ್ನಡದ ಒಂದು ಸಾಕ್ಷ್ಯ ಹೋದೀತು.

ಇದುವರೆಗೆ ರೂಢನಾಮ ಅಂಕಿತನಾಮವಾಗುವ ಬಗೆಯನ್ನು ನೋಡಿದೆವು. ಇದಕ್ಕೆ ತಿರುಗುಮುರುಗಾದ ಚಲನೆಯ ಉದಾಹರಣೆ ಬಂಟ್ವಾಳ, ಬೆಳ್ತಂಗಡಿಗಳ ಸರಕಾರಿ ಕಟ್ಟಡಗಳಲ್ಲಿದೆ. ಬೆಂಗಳೂರಿನ ವಿಧಾನಸೌಧಕ್ಕೆ 1951ರಲ್ಲಿ ಜವಾಹರಲಾಲ್ ನೆಹರೂ ಅಡಿಗಲ್ಲಿಟ್ಟರು. ಕೆಂಗಲ್ ಹನುಮಂತಯ್ಯನವರ ಸಂಕಲ್ಪದ ಆ ಕಟ್ಟಡ 1956ರಲ್ಲಿ ಪೂರ್ಣವಾಯಿತು. ‘ಸೌಧ’ ಎಂಬುದು ‘ಸುಧೆ’ ಎಂದರೆ ಸುಣ್ಣದಿಂದ ಬಂದ ಪದ. ಸುಣ್ಣ ಬಳಿದ ಬಿಳಿಯ ಮಹಲು ಎಂದು ಅದರ ಮೂಲಾರ್ಥ. ಕಗ್ಗಲ್ಲಿನ ವಿಧಾನಸೌಧಕ್ಕೆ ಆ ಅರ್ಥ ಹೊಂದದಿದ್ದರೂ ಹೆಸರು ಹೊಂದಿಕೊಂಡಿತು. ನಾಡಿಗೆ ಒಂದೇ ಇದ್ದ ಆ ಕಟ್ಟಡದ ಹೆಸರು ಅಪ್ಪಟ ಅಂಕಿತನಾಮ. ಆಮೇಲೆ ತಾಲೂಕು ಮಟ್ಟದ ಕಚ್ಚೇರಿಗಳನ್ನು ಒಂದೇ ಸೂರಿನಡಿ ತಂದು ಕಟ್ಟಿದಾಗ ಅವುಗಳಿಗೆ ‘ಮಿನಿ ವಿಧಾನಸೌಧ’ ಎಂದು ಹೆಸರಾಯಿತು. ಆ ಕಟ್ಟಡಗಳಲ್ಲಿ ಶಾಸನ ರಚನೆಯ ಕೆಲಸ ನಡೆಯುವುದಿಲ್ಲ. ಪಹಣಿ, ಪಡಿತರ, ನೋಂದಣಿಗಳ ಕೆಲಸ ನಡೆಯುತ್ತದೆ. ಆದರೂ ‘ಮಿನಿ’ ಎಂಬ ವಿಶೇಷಣ ಸೇರಿದೊಡನೆ ಅಂಕಿತನಾಮವು ರೂಢನಾಮವಾಗಿ, ‘ಸರಕಾರಿ ಕಚ್ಚೇರಿಗಳ ಸಮುಚ್ಚಯ’ ಎಂಬ ಅರ್ಥವನ್ನು ತಾಳಿತು. ‘ಮಿನಿ ವಿಧಾನಸೌಧಗಳು’ ಎಂದು ಬಹುವಚನದಲ್ಲಿ ಹೇಳಿದಾಗ ಯಾರ ಕಿವಿಗೂ ಅಸಹಜವೆನಿಸಲಿಲ್ಲ. ಬಹುವಚನ ಪ್ರತ್ಯಯವನ್ನು ನಿರಾಯಾಸವಾಗಿ ಸ್ವೀಕರಿಸುವ ಹೆಸರು ಅಂಕಿತನಾಮವಾಗಿ ಉಳಿದಿಲ್ಲವೆಂದೇ ತಿಳಿಯಬೇಕು.

ಇಂತಹ ಚಲನೆ ನಮ್ಮಲ್ಲಿ ಮಾತ್ರ ನಡೆದುದಲ್ಲ. ರೋಮಿನ ಪ್ಯಾಲಟೈನ್ ಎಂಬ ಬೆಟ್ಟದ ಮೇಲೆ ಚಕ್ರವರ್ತಿಗಳ ನಿವಾಸವಿದ್ದುದರಿಂದ ಆ ಬೆಟ್ಟದ ಹೆಸರೇ ಯುರೋಪಿನ ಭಾಷೆಗಳಲ್ಲಿ ಅರಮನೆಗೆ ರೂಢನಾಮವಾಯಿತು. ಮೈಸೂರಿನಲ್ಲಿ ನಾವು ‘ಪ್ಯಾಲೇಸ್’ ಎನ್ನುವುದು ಆ ಬೆಟ್ಟದ ಹೆಸರನ್ನೇ. ಅಥೆನ್ಸಿನ ಹೊರವಲಯದಲ್ಲಿ ಪ್ಲೇಟೋ ಪಾಠ ಹೇಳಿದ ತೋಪಿನ ಅಂಕಿತನಾಮ ಇಂದು ನಮ್ಮ ಸಾಹಿತ್ಯ ಅಕಾಡೆಮಿ, ತುಳು ಅಕಾಡೆಮಿಗಳಲ್ಲಿದೆ.

ಕೇಶಿರಾಜನ ದೃಷ್ಟಿಯಿಂದ ನೋಡಿದರೆ ‘ಮಿನಿ ವಿಧಾನಸೌಧ’ ಅರಿಸಮಾಸದ ಹತ್ತಿರದ ಬಂಧು. ಈಚಿನ ವರ್ಷಗಳಲ್ಲಿ ಸರಕಾರ ಆ ಹೆಸರಿನ ಬದಲು ‘ತಾಲೂಕು ಆಡಳಿತ ಸೌಧ’ ಎಂಬುದನ್ನು ಬಳಕೆಗೆ ತಂದಿದೆ. ಅರ್ಥದ ದೃಷ್ಟಿಯಿಂದ ಇದು ಸರಿಯಾದ ಅನ್ವರ್ಥನಾಮ. ಕಟ್ಟಡದಲ್ಲಿ ನಡೆಯುವುದು ಆಡಳಿತವೇ. ಆದರೆ ಬಂಟ್ವಾಳದ ಕಡೆಯ ಹಳ್ಳಿಯವರನ್ನು ಕೇಳಿದರೆ ಅವರು ಹೊರಟಿರುವುದು ‘ತಾಲೂಕು ಆಫೀಸಿಗೆ’. ಅದು ಇರುವುದು ‘ಬಿ.ಸಿ. ರೋಡಿನಲ್ಲಿ’. ಈ ‘ಬಿ.ಸಿ. ರೋಡ್’ ಕೂಡ ವಿಚಾರ ಮಾಡತಕ್ಕ ಹೆಸರು. ‘ಬಂಟ್ವಾಳ ಕ್ರಾಸ್ ರೋಡ್’ ಎಂಬ ವರ್ಣನೆಯ ಮೊದಲಕ್ಷರಗಳು ಗಟ್ಟಿಯಾಗಿ ಊರಿನ ಹೆಸರಾದವು. ಅದಕ್ಕೆ ‘ಜೋಡುಮಾರ್ಗ’ ಎಂಬ ಸೊಗಸಾದ ಕನ್ನಡ ಹೆಸರೂ ಇದೆ. ಅಂಚೆಯ ವಿಳಾಸದಲ್ಲಿ ಅದು ಬಾಳುತ್ತಿದೆ, ಬಸ್ಸಿನ ನಿರ್ವಾಹಕರ ಕೂಗಿನಲ್ಲಿಲ್ಲ. ಸಮೀಪದ ‘ಕೈಕಂಬ’ವೂ ದಾರಿ ತೋರುವ ಕೈಯುಳ್ಳ ಕಂಬ ಎಂಬ ರೂಢನಾಮವೇ. ಗುರುಪುರದ ಬಳಿ ಒಂದು ಕೈಕಂಬ, ಸುಬ್ರಹ್ಮಣ್ಯದ ದಾರಿಯಲ್ಲಿ ಇನ್ನೊಂದು. ಕಂಬ ಹೋದರೂ ಹೆಸರು ನಿಂತಿದೆ.

ವ್ಯಕ್ತಿನಾಮ ಕಟ್ಟಡಕ್ಕೆ ಬಂದಾಗ ವ್ಯಾಕರಣದಲ್ಲಿ ನಡೆಯುವ ಬದಲಾವಣೆಯನ್ನೂ ಹೇಳಬೇಕು. ‘ಮಹಾವೀರ’ ಎಂಬುದು ಪುಲ್ಲಿಂಗ. ‘ಮಹಾವೀರನಿಗೆ’ ಎಂದು ಚತುರ್ಥಿ. ಮೂಡುಬಿದಿರೆಯ ಮಹಾವೀರ ಕಾಲೇಜಿನ ಸುತ್ತ ಕಿವಿಗೊಟ್ಟರೆ ‘ಮಗಳು ಮಹಾವೀರಕ್ಕೆ ಸೇರಿದ್ದಾಳೆ’, ‘ಅವನು ಮಹಾವೀರದಲ್ಲಿ ಓದಿದ್ದು’ ಎಂಬ ಮಾತು ಕೇಳಿಬರುತ್ತದೆ. ಹೆಸರು ಅದೇ, ಲಿಂಗ ನಪುಂಸಕ. ಧರ್ಮಸ್ಥಳದಲ್ಲಿ ‘ಅನ್ನಪೂರ್ಣದಲ್ಲಿ ಊಟವಾಯಿತು’ ಎಂದರೆ ಭೋಜನಾಲಯ. ‘ಅನ್ನಪೂರ್ಣೆಯಲ್ಲಿ ಭಕ್ತಿ’ ಎಂದರೆ ದೇವಿ. ಒಂದು ಪ್ರತ್ಯಯದಿಂದ ವ್ಯಕ್ತಿಯೋ ಕಟ್ಟಡವೋ ಎಂಬುದು ತಿಳಿಯುತ್ತದೆ. ದೊಡ್ಡಕ್ಷರವಿಲ್ಲದ ಕನ್ನಡ ಈ ಕೆಲಸವನ್ನು ವಿಭಕ್ತಿಗೆ ಒಪ್ಪಿಸಿದೆ. ವ್ಯಾಕರಣದ ಶುದ್ಧಿಯೆಂದು ಭಾವಿಸಿ ವಿದ್ಯಾರ್ಥಿಗಳ ಬರಹದಲ್ಲಿ ‘ಮಹಾವೀರದಲ್ಲಿ’ ಎಂಬುದನ್ನು ತಪ್ಪೆಂದು ಗೀಚುವ ಅಧ್ಯಾಪಕರು ಇದನ್ನು ಗಮನಿಸಬೇಕೆಂದು ನನ್ನ ವಿನಂತಿ.

ರೂಢನಾಮಗಳೂ ಕಾಲಕಾಲಕ್ಕೆ ಮನೆ ಬದಲಿಸುತ್ತವೆ. ತಮಿಳುನಾಡಿನ ಹಳೆಯ ಶಾಸನಗಳಲ್ಲಿ ‘ಪಳ್ಳಿ’ ಎಂದರೆ ಜೈನ ಮುನಿಗಳ ನೆಲೆ. ನಮ್ಮ ಕರಾವಳಿಯ ಬ್ಯಾರಿ ಮಾತಿನಲ್ಲೂ ತುಳುವಿನಲ್ಲೂ ಅದೇ ಪದ ಇಂದು ಮಸೀದಿಗೆ ಸಲ್ಲುತ್ತದೆ. ಕನ್ನಡದಲ್ಲಿ ಅದು ‘ಹಳ್ಳಿ’ಯಾಗಿದೆ. ಚರ್ಚಿಗೆ ಇಲ್ಲಿ ‘ಇಗರ್ಜಿ’ ಎಂಬ ಪೋರ್ಚುಗೀಸ್ ಮೂಲದ ಹೆಸರಿದೆ. ‘ಮಠ’ವೆಂದರೆ ಹಿಂದಿನವರಿಗೆ ಅಕ್ಷರ ಕಲಿಸುವ ಐಗಳ ಶಾಲೆಯೂ ಆಗಿತ್ತು. ‘ಮಂದಿರ’ಕ್ಕೆ ಹಳೆಯ ಕನ್ನಡದಲ್ಲಿ ಮನೆ ಎಂದೇ ಅರ್ಥ. ಮೂಡುಬಿದಿರೆಯ ‘ಸಮಾಜ ಮಂದಿರ’ ಸಭೆ ನಡೆಯುವ ಭವನ, ನಮ್ಮ ಸರಕಾರಿ ‘ಪ್ರವಾಸಿ ಮಂದಿರ’ ತಂಗುವ ಬಂಗಲೆ. ಹಿಂದಿಯ ಪ್ರಭಾವದಿಂದ ಆ ಪದ ದೇವಾಲಯ ಎಂಬ ಒಂದೇ ಅರ್ಥಕ್ಕೆ ಸಂಕುಚಿತವಾಗುತ್ತಿರುವುದು ಈಚಿನ ಬೆಳವಣಿಗೆ.

ನನ್ನ ಕಳವಳ ಇರುವುದು ಇಲ್ಲಿಯೇ. ಜೀರ್ಣೋದ್ಧಾರವಾದ ಬಸದಿಗಳ ಮುಂದೆ ಈಗ ಹೊಸ ಫಲಕಗಳು ಬರುತ್ತಿವೆ. ಅವುಗಳಲ್ಲಿ ‘ಶ್ರೀ 1008’ ಎಂಬ ಗೌರವದೊಡನೆ ತೀರ್ಥಂಕರರ ನಾಮವೂ ‘ದಿಗಂಬರ ಜಿನಮಂದಿರ’ ಎಂಬ ಪದವೂ ಇರುತ್ತವೆ. ತೀರ್ಥಂಕರರ ಹೆಸರು ಬರೆಯುವುದು ಉಚಿತವೇ; ಭಕ್ತಿಯ ದೃಷ್ಟಿಯಿಂದ ಅದಕ್ಕೆ ಮೊದಲ ಸ್ಥಾನವೂ ಸಲ್ಲಬೇಕು. ಆದರೆ ಅದೊಂದನ್ನೇ ಬರೆದು ‘ಪಡು ಬಸದಿ’, ‘ಲೆಪ್ಪದ ಬಸದಿ’, ‘ಬೆಟ್ಕೇರಿ ಬಸದಿ’ ಎಂಬ ಹೆಸರುಗಳನ್ನು ಬಿಟ್ಟುಬಿಟ್ಟರೆ ಮುಂದೇನು? ತೀರ್ಥಂಕರರು ಇಪ್ಪತ್ನಾಲ್ವರು; ಬಸದಿಗಳು ನೂರಾರು. ಒಂದೇ ಊರಿನಲ್ಲಿ ಒಬ್ಬನೇ ತೀರ್ಥಂಕರನ ಬಸದಿ ಎರಡೋ ಮೂರೋ ಇರುವುದು ಸಾಮಾನ್ಯ. ಮೂಲನಾಯಕನ ಹೆಸರು ಪೂಜೆಗೆ ಸಾಕಾಗುತ್ತದೆ, ಗುರುತಿಗೆ ಸಾಕಾಗುವುದಿಲ್ಲ. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮುಂತಾದೆಡೆಯ ಓಲೆಗರಿಗಳ ಸೂಚಿಯನ್ನು ಸಿದ್ಧಪಡಿಸಿ 1948ರಲ್ಲಿ ಪ್ರಕಟಿಸಿದಾಗ, ಭಂಡಾರಗಳನ್ನು ಗುರುತಿಸಲು ನೆರವಾದುದು ಊರಿನಲ್ಲಿ ನೆಲೆನಿಂತಿದ್ದ ಇಂತಹ ಹೆಸರುಗಳೇ. ಆ ಸೂಚಿಯನ್ನು ಹಿಡಿದು ಇಂದು ಊರಿಗೆ ಬರುವ ವಿದ್ಯಾರ್ಥಿಗೆ ಫಲಕದ ಮೇಲೆ ಆ ಹೆಸರು ಸಿಗದಿದ್ದರೆ, ಗ್ರಂಥಕ್ಕೂ ನೆಲಕ್ಕೂ ಇದ್ದ ಸಂಬಂಧ ಕಡಿದಂತೆಯೇ.

ಆದುದರಿಂದ ಈ ಪ್ರದೇಶದ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳನ್ನು ಮುಂದಿಡುತ್ತೇನೆ. ಕಟ್ಟಡವನ್ನು ಮೊದಲ ಸಲ ಉಲ್ಲೇಖಿಸುವಾಗ ಊರಿನ ಹೆಸರು, ಜನಬಳಕೆಯ ಹೆಸರು, ಶಾಸನೋಕ್ತ ನಾಮ, ಮೂಲನಾಯಕನ ನಾಮ ಈ ನಾಲ್ಕನ್ನೂ ಒಂದೆಡೆ ಕೊಡಿ. ಅನಂತರ ಒಂದನ್ನೇ ಕೊನೆಯವರೆಗೆ ಬಳಸಿ. ಹೆಸರಿನಲ್ಲಿ ಷಷ್ಠಿ ಇದ್ದರೆ ಇರಲಿ, ಇಲ್ಲದಿದ್ದರೆ ಸೇರಿಸಬೇಡಿ. ಏಕವಚನವನ್ನು ಬಹುವಚನಕ್ಕೆ ತಿದ್ದಬೇಡಿ. ಇಂಗ್ಲಿಷಿನಲ್ಲಿ ಬರೆಯುವಾಗ ‘ಹೊಸ ಬಸದಿ’, ‘ಶೆಟ್ಟರ ಬಸದಿ’ಗಳನ್ನು ಅನುವಾದಿಸದೆ ಹಾಗೆಯೇ ಬರೆದು, ಅರ್ಥವನ್ನು ಒಮ್ಮೆ ಮಾತ್ರ ತಿಳಿಸಿ. ಆಕರದಲ್ಲಿ ಬರಿಯ ‘ಬಸದಿ’, ‘ಬೀಡು’, ‘ಅರಮನೆ’ ಎಂದಿದ್ದರೆ ಬರೆದವನ ಊರನ್ನು ನಿರ್ಧರಿಸಿದ ಮೇಲೆಯೇ ಕಟ್ಟಡವನ್ನು ನಿರ್ಧರಿಸಿ. ಫಲಕ ಬರೆಯಿಸುವ ಆಡಳಿತ ಸಮಿತಿಯವರಲ್ಲಿಯೂ ಒಂದು ಪ್ರಾರ್ಥನೆಯಿದೆ: ತೀರ್ಥಂಕರರ ನಾಮದ ಕೆಳಗೆ ಊರವರು ಕರೆಯುವ ಹೆಸರಿಗೂ ಒಂದು ಸಾಲು ಕೊಡಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಹಳ್ಳಿಗಳಲ್ಲಿ ಇನ್ನೂ ಎಷ್ಟೋ ಬಸದಿ, ಬೀಡು, ಗುತ್ತು, ಚಾವಡಿ, ಕಟ್ಟೆಗಳಿವೆ. ಅವುಗಳ ಹೆಸರುಗಳು ಬಹುಮಟ್ಟಿಗೆ ಹಿರಿಯರ ನಾಲಗೆಯ ಮೇಲೆ ಮಾತ್ರ ಉಳಿದಿವೆ. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರು ಹೇಳುವ ಹೆಸರನ್ನು ಅವರು ಉಚ್ಚರಿಸಿದಂತೆಯೇ, ವಿಭಕ್ತಿ ಸಮೇತವಾಗಿ, ಹೇಳಿದ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಲಿ. ಇದಕ್ಕೆ ಅನುದಾನವೂ ಬೇಡ, ಉಪಕರಣವೂ ಬೇಡ. ಒಂದು ನೋಟುಪುಸ್ತಕ ಸಾಕು.